ಇರ್ಲಿ ಬಿಡ್ರಿ

ಈ ವಾರ ಆಳಂದದ ಕಡೆ ಒಂದು ತೊಗರಿ ಹೊಲದಲ್ಲಿ ಸದೆ ತೆಗೆಯುತ್ತಿದ್ದರು. ಸಾಲು ಹಿಡಿದು ಬಂದ ಅಕ್ಕ ಒಬ್ಬರ ಖುರಪಿ ಬದುವಿನ ಹತ್ತಿರ ಬಂತು. ಹುಲ್ಲು ಕಿತ್ತರು, ಕಾಂಗ್ರೆಸ್ ಕಸ ಕಿತ್ತರು. ನೆಲಕ್ಕೆ ಅಂಟಿ ಹರಡಿದ್ದ ಒಂದು ಗಿಡವನ್ನು ಮಾತ್ರ ಮುಟ್ಟಲಿಲ್ಲ.

"ಅದನ್ಯಾಕ ಬಿಟ್ರಿ ಯಕ್ಕಾ?"

"ಇರ್ಲಿ ಬಿಡ್ರಿ ಯಣ್ಣಾ, ಕೈ ಕೊಯ್ಕೊಂಡ್ರ ಬೇಕಾಗ್ತದ."

ಆ ಗಿಡ ನಿಮಗೂ ಗೊತ್ತು. ಚಿಕ್ಕವರಿದ್ದಾಗ ಮೊಣಕಾಲು ಕೆತ್ತಿಕೊಂಡು ಬಂದರೆ ಇದರ ಎಲೆಯನ್ನೇ ಅಂಗೈಯಲ್ಲಿ ತಿಕ್ಕಿ, ಹಸಿರು ರಸ ಹಿಂಡುತ್ತಿದ್ದರು. ಚುರ್ ಎಂದು ಉರಿಯುತ್ತಿತ್ತು, ರಕ್ತ ನಿಲ್ಲುತ್ತಿತ್ತು. ಗಾಯ ಆಳವಾದರೆ ದವಾಖಾನೆಗೇ ಹೋಗಬೇಕು, ಆ ಮಾತು ಬೇರೆ. ಪುಸ್ತಕಗಳಲ್ಲಿ ಇದಕ್ಕೆ ಗಬ್ಬು ಸಣ್ಣ ಶಾವಂತಿ ಎಂದು ಹೆಸರು.

ಒಂದು ಹೂ ಕಿತ್ತು ಕಣ್ಣ ಹತ್ತಿರ ಹಿಡಿಯಿರಿ. ಗೇಣುದ್ದದ ಬರಿ ದಂಟು, ತುದಿಗೆ ಅಂಗಿ ಗುಂಡಿಯಷ್ಟು ಹೂ. ನಡುವೆ ಹಳದಿ, ಸುತ್ತ ಐದಾರು ಬಿಳಿ ಎಸಳು, ಒಂದೊಂದು ಎಸಳಿನ ತುದಿಗೂ ಮೂರು ಹಲ್ಲು. ಒಂದೇ ಹೂವಿನಂತೆ ಕಂಡರೂ ಅದೊಂದು ಹೂವಿನ ಸಂತೆ. ಆ ಎಸಳೂ ಒಂದು ಹೂವೇ, ನಡುವಿನ ಪ್ರತಿ ಹಳದಿ ಚುಕ್ಕೆಯೂ ಒಂದು ಹೂವೇ. ನಮ್ಮ ಕುಸುಬಿ, ಸೂರ್ಯಕಾಂತಿ ಎಲ್ಲ ಇದೇ ಕುಲದವು.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಟ್ರೈಡ್ಯಾಕ್ಸ್ ಎಂದು ಹೆಸರಿಟ್ಟು, ಇದರ ಊರು ಮೆಕ್ಸಿಕೋದ ವೆರಾಕ್ರೂಜ್ ಎಂದು ಬರೆದ. ಕಾಂಗ್ರೆಸ್ ಕಸವೂ ಆ ಅಮೆರಿಕದ ಕಡೆಯದೇ, ಅದೂ ಇದೇ ಕುಲ. ಎರಡೂ ಹೊರಗಿನಿಂದ ಬಂದವು. ಒಂದು ಮೈಗೆ ತುರಿಕೆ ತಂದಿತು, ಇನ್ನೊಂದು ಗಾಯಕ್ಕೆ ಮದ್ದಾಯಿತು. ಎಲ್ಲಿಂದ ಬಂದೆ ಎಂದು ಆ ಅಕ್ಕನ ಖುರಪಿ ಕೇಳಲಿಲ್ಲ. ಬಂದು ಏನು ಮಾಡಿದೆ ಎಂದಷ್ಟೇ ನೋಡಿತು.

ಇದರ ಬೀಜಕ್ಕೆ ಕೂದಲಿನ ಕುಚ್ಚು ಇರುತ್ತದೆ. ಗಾಳಿ ಎತ್ತಿದ ಕಡೆ ಹೋಗುತ್ತದೆ. ಆಳಂದದ ಬದುವಿನಿಂದ ಅಮರ್ಜಾ ದಂಡೆಗುಂಟ ಅಫಜಲಪುರ ತಾಲ್ಲೂಕಿನ ಗಾಣಗಾಪುರ ಸಂಗಮಕ್ಕೆ, ಭೀಮೆ ದಾಟಿ ಜೇವರ್ಗಿಯ ಎರಿ ಹೊಲಗಳಿಗೆ. ಇದಕ್ಕೆ ತಾಲ್ಲೂಕಿನ ಗಡಿ ಗೊತ್ತಿಲ್ಲ.

ಈಗ ಬದುವಿಗೂ ಕಸದ ಎಣ್ಣಿ ಹೊಡೆಯುತ್ತಾರೆ. ಕೂಲಿಯಾಳು ಸಿಗುವುದಿಲ್ಲ, ಒಕ್ಕಲಿಗನ ಕಷ್ಟ ಅವನಿಗೇ ಗೊತ್ತು. ಆದರೆ ಯಾವುದು ತುರಿಕೆಯ ಗಿಡ, ಯಾವುದು ಮದ್ದಿನ ಗಿಡ ಎನ್ನುವುದು ಡಬ್ಬಿಯ ಎಣ್ಣಿಗೆ ತಿಳಿಯದು. ಅದು ತಿಳಿಯುವುದು ಕೈಗೆ.

ಇವತ್ತು ಹೊಲಕ್ಕೆ ಹೋದರೆ ಬದುವಿನ ಮೇಲೆ ಒಂದು ಗಿಡ ಬಿಟ್ಟು ಬನ್ನಿ. ಮನೆಯ ಮಕ್ಕಳಿಗೆ ಅದರ ಎಲೆ ತೋರಿಸಿ.