ಮಾಳಿಗೆ ಮೇಲಿನ ಸೂರ್ಯನೂ ಸೊನ್ನೆ ಬಿಲ್ಲೂ

ಬೆಂಗಳೂರಿನವರಿಗೆ ಸೋಲಾರ್ ಅಂದ್ರೆ ಇವತ್ತಿಗೂ ಬಿಸಿನೀರು. ಸ್ನಾನದ ಮನೆ ದಾಟಿ ಫ್ಯಾನು, ಫ್ರಿಜ್ಜಿನ ತನಕ ಆ ಸೂರ್ಯ ಯಾಕೆ ಬರಲಿಲ್ಲ? ಇವತ್ತು ಅದರ ಲೆಕ್ಕ ಹಾಕೋಣ.

ಒಂದು ಕಿಲೋವಾಟ್ ಫಲಕಕ್ಕೆ ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತೆ, ಮಳೆಗಾಲದಲ್ಲಿ ಕಮ್ಮಿ. ಮೂರು ಕಿಲೋವಾಟ್ ಹಾಕಿಸಲು ಹೆಚ್ಚುಕಡಿಮೆ 2 ಲಕ್ಷ ರೂಪಾಯಿ. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ. ಕೈಯಿಂದ ಹೋಗೋದು 1,22,000. ತಿಂಗಳಿಗೆ 350 ಯೂನಿಟ್ ಸುಡುವ ಮನೆ, ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದ್ರೂ ತಿಂಗಳಿಗೆ 2,100 ಉಳಿತಾಯ. ಐದು ವರ್ಷದಲ್ಲಿ ಅಸಲು ವಾಪಸ್. ಫಲಕ ಬಾಳೋದು 25 ವರ್ಷ. ನಡುವೆ ಇನ್ವರ್ಟರ್ ಒಮ್ಮೆ ಬದಲಿಸಬೇಕಾದೀತು. ಚಿನ್ನ ಅಡವಿಟ್ಟಾದರೂ ಮಾಡಬಹುದಾದ ವ್ಯಾಪಾರ ಅನ್ನಿಸಬಹುದು. ಸ್ವಲ್ಪ ತಡೀರಿ.

ಪಕ್ಕದ ಮನೆಯವರು ಸುಡೋದು 120 ಯೂನಿಟ್. ಗೃಹಜ್ಯೋತಿಯಲ್ಲಿ ಅವರ ಬಿಲ್ ಸೊನ್ನೆ. ಸೊನ್ನೆಯಲ್ಲಿ ಉಳಿಸೋದೇನು? ಹೆಚ್ಚುವರಿ ಕರೆಂಟನ್ನು ಎಸ್ಕಾಂಗೆ ಮಾರಬಹುದು ನಿಜ, ಆದರೆ ಸಿಗೋ ದರ ನಾವು ಕೊಳ್ಳೋ ದರಕ್ಕಿಂತ ಬಹಳ ಕಮ್ಮಿ. ಹಾಗಾಗಿ ಕೇಂದ್ರದ ಸಬ್ಸಿಡಿ ನಮ್ಮಲ್ಲಿ ಹೋಗೋದು ಸ್ವಂತ ತಾರಸಿ ಇದ್ದು, ಎಸಿ, ಗೀಸರ್ ಇಟ್ಟುಕೊಂಡವರಿಗೆ. ಬಾಡಿಗೆ ಮನೆಯವರಂತೂ ಈ ಲೆಕ್ಕದಲ್ಲೇ ಇಲ್ಲ. ತಾರಸಿ ಓನರ್‌ದು, ಬಿಲ್ಲು ಇವರದು.

ಮಾರೋಕೆ ಬರುವವರು ಹೇಳದ ಇನ್ನೊಂದು ಮಾತಿದೆ. ಬ್ಯಾಟರಿ ಇಲ್ಲದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ಆಫ್ ಆಗುತ್ತೆ, ನೆತ್ತಿ ಸುಡೋ ಬಿಸಿಲಿದ್ದರೂ! ಕಂಬದ ಮೇಲೆ ರಿಪೇರಿ ಮಾಡ್ತಿರೋ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯಿಂದ ಕರೆಂಟ್ ಹೊಡೀಬಾರದಲ್ಲ, ಅದಕ್ಕೆ. ಲೋಡ್‌ಶೆಡ್ಡಿಂಗ್‌ನಿಂದ ಪಾರಾಗಬೇಕು ಅಂತ ಹಾಕಿಸುವವರು ಮೊದಲು ಇದನ್ನು ತಿಳ್ಕೊಳ್ಳಿ. ಫಿಕ್ಸೆಡ್ ಚಾರ್ಜೂ ತಪ್ಪಲ್ಲ. ಪಕ್ಕದಲ್ಲಿ ತೆಂಗಿನಮರವೋ ನಾಲ್ಕಂತಸ್ತಿನ ಕಟ್ಟಡವೋ ಇದ್ದರೆ ನೆರಳು ಎಷ್ಟು ಹೊತ್ತು ಬೀಳುತ್ತೆ ಅಂತ ನೀವೇ ನಿಂತು ನೋಡಿ. ಕಂಪನಿಯವನ ಫೋಟೋ ನಂಬಬೇಡಿ.

ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಕಟ್ಟಿಸಿದ ರಾಜ್ಯ ನಮ್ಮದು. ಬಡವರ ಮಾಳಿಗೆ ಮಾತ್ರ ಖಾಲಿ. ಆ 120 ಯೂನಿಟ್ ಮನೆಗೆ ಒಂದು ಕಿಲೋವಾಟ್ ಸಾಕು. ಖರ್ಚು ಸುಮಾರು 70,000, ಕೇಂದ್ರ ಕೊಡೋದು 30,000. ಮಿಕ್ಕ 40,000 ರಾಜ್ಯ ಸರ್ಕಾರ ಹಾಕಲಿ. ಆ ಮನೆಯ ಬಿಲ್ಲಿಗೆ ಈಗಲೂ ವರ್ಷಕ್ಕೆ ಎಂಟು ಸಾವಿರದ ಮೇಲೆ ಕಟ್ಟುತ್ತಲೇ ಇದೆಯಲ್ಲ, ಐದು ವರ್ಷದ ದುಡ್ಡು ಅಷ್ಟೆ. ಬಜೆಟ್ ಬರೆಯೋ ಅಧಿಕಾರಿಗಳು ಈ ಲೆಕ್ಕ ಎಲ್ಲಿ ತಪ್ಪಿದೆ ಅಂತ ಹೇಳಲಿ, ಇದೇ ಸ್ಟುಡಿಯೋದಲ್ಲಿ ಕೂತು ಕೇಳ್ತೀನಿ.