ಕಟಕಟೆಯ ಮೀನು, ಮನೆಯ ಸಾರು



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಪಾಠ ತಪ್ಪಿದ್ದಲ್ಲವೆಂದು ಸಭಿಕರು ಮೊದಲೇ ನಿಟ್ಟುಸಿರು ಬಿಡುವುದುಂಟು. ಈ ಸಂಜೆ ನಾವು ಆರಿಸಿಕೊಂಡಿರುವ ವಿಷಯ ಗಾಳ ಹಾಕಿ ಮೀನು ಹಿಡಿಯುವುದು. ಸಸ್ಯಾಹಾರಿ ಮಿತ್ರರು ಮನ್ನಿಸಬೇಕು. ನಮ್ಮ ನಡುವೆ ಕರಾವಳಿಯ ಸಂಸಾರಗಳೂ ಸಾಕಷ್ಟಿವೆ, ಅವರ ಅಡುಗೆಮನೆಗೆ ಸಂಬಂಧಿಸಿದ ಮಾತೊಂದನ್ನು ಹೇಳಲೇಬೇಕಾಗಿದೆ.

ಕ್ಯಾಲಿಫೋರ್ನಿಯದಲ್ಲಿ 16 ವರ್ಷ ತುಂಬಿದವರು ಮೀನು ಹಿಡಿಯಲು ಪರವಾನಗಿ ಪಡೆಯಬೇಕು. ಸಮುದ್ರದೊಳಕ್ಕೆ ಚಾಚಿಕೊಂಡಿರುವ ಸಾರ್ವಜನಿಕ ಪಿಯರಿನ ಮೇಲೆ ನಿಂತು ಹಿಡಿಯುವವರಿಗೆ ಮಾತ್ರ ಅದು ಬೇಡ. ತಲೆಗೆ ಎರಡು ಗಾಳಕೋಲು ಮೀರಬಾರದು, ಮೀನಿನ ಅಳತೆ ಮತ್ತು ಸಂಖ್ಯೆಯ ಮಿತಿಗಳನ್ನು ಪಾಲಿಸಬೇಕು, ಅಷ್ಟೇ. ಮಂಗಳೂರಿನವರಿಗೆ ಧಕ್ಕೆಯ ನೆನಪಾದೀತು. ಆದರೆ ಧಕ್ಕೆ ದೋಣಿಗಳಿಗಾಗಿ, ಇದು ಕಾಲಾಡಿಸಲು ಬಂದ ಜನರಿಗಾಗಿ. ಹೊಸದಾಗಿ ವಲಸೆ ಬಂದವರಿಗೂ ಬಡವರಿಗೂ ಕಾಸಿಲ್ಲದೆ ಕಡಲನ್ನು ಒದಗಿಸುವ ಈ ಏರ್ಪಾಟನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಕಳೆದ ಬೇಸಗೆಯಲ್ಲಿ ನಾವು ಮೂರು ಸಂಸಾರಗಳವರು ಕೂಡಿ ಒಂದು ಶನಿವಾರವನ್ನು ಸಾಂಟಾ ಮೋನಿಕಾ ಪಿಯರಿನಲ್ಲಿ ಕಳೆದೆವು. ಅದು ತೆರೆದದ್ದು 1909ರ ಸೆಪ್ಟೆಂಬರ್ 9ರಂದು. ಅಲ್ಲಿಯ ಜಾತ್ರೆಯ ಗದ್ದಲವನ್ನು ಕಂಡವರಿಗೆ ನಂಬಲು ಕಷ್ಟ, ಆದರೆ ಊರಿನ ಕೊಳಚೆ ನೀರಿನ ಕೊಳವೆಯನ್ನು ಅಲೆಗಳಾಚೆಗೆ ಸಾಗಿಸಲೆಂದು ಅದನ್ನು ಕಟ್ಟಿದರು. 1973ರಲ್ಲಿ ಕೆಡವಬೇಕೆಂದು ನಗರಸಭೆ ಹೊರಟಾಗ ಊರವರು ತಡೆದರು. 1983ರ ಬಿರುಗಾಳಿಗಳು ಮೂರರಲ್ಲಿ ಒಂದು ಪಾಲಿಗೂ ಮಿಕ್ಕಿ ಕೊಚ್ಚಿಕೊಂಡು ಹೋದವು, ಮತ್ತೆ ಕಟ್ಟಿದರು.

ನಾವು ತಲುಪುವಷ್ಟರಲ್ಲಿಯೇ ತುದಿಯ ಕಟಕಟೆಗೆ ಒರಗಿ ಮೆಕ್ಸಿಕೊ, ಫಿಲಿಪೀನ್ಸ್, ಕೊರಿಯಗಳಿಂದ ಬಂದ ಹಿರಿಯರು ನಿಂತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಒಂದು ಬಕೆಟ್ಟು. ತಲೆಯ ಮೇಲಿಂದ ಗಾಳ ಬೀಸಿ ಎಸೆಯುವಂತಿಲ್ಲ, ಹಿಂದೆ ಜನ ಓಡಾಡುತ್ತಿರುತ್ತಾರೆ. ನೇರ ಕೆಳಕ್ಕೆ ಇಳಿಬಿಡಬೇಕು. ಸಬಿಕಿ ಎಂಬ ಜಪಾನೀ ಸಾಧನದಲ್ಲಿ ಒಂದೇ ದಾರಕ್ಕೆ ಸಾಲಾಗಿ ಹಲವು ಪುಟ್ಟ ಗಾಳಗಳಿರುತ್ತವೆ. ಅವುಗಳಿಗೆ ಕಟ್ಟಿದ ಮಿನುಗುವ ಎಳೆಗಳನ್ನೇ ಮರಿಯೆಂದು ಬಗೆದು ಮೀನು ಕಚ್ಚುತ್ತದೆ. ಎರಡು ಗಂಟೆ ಏನೂ ಇಲ್ಲ. ಭರತದ ನೀರು ಏರತೊಡಗಿದಾಗ ಮ್ಯಾಕರೆಲ್ ಹಿಂಡು ಬಂತು. ನಮ್ಮ ಬಂಗುಡೆಯ ದಾಯಾದಿ ಅದು. ಒಂದೇ ಸೆಳೆತಕ್ಕೆ ಮೂರು ಮೂರು ಮೇಲೆ ಬಂದವು. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕೈಯ ಫೋನುಗಳನ್ನು ಚೀಲಕ್ಕೆ ಹಾಕಿದ್ದನ್ನು ಅಂದು ಕಂಡೆವು.

ಹಿಂಡು ಚದುರಿದ ಮೇಲೆ ತಳಕ್ಕೆ ಬಿಟ್ಟ ಗಾಳಕ್ಕೆ ಬೆಳ್ಳಿ ಬಣ್ಣದ ಬೇರೊಂದು ಮೀನು ಸಿಕ್ಕಿತು. ಪಕ್ಕದವರು ಅದನ್ನು "ಕಿಂಗ್‌ಫಿಶ್" ಎಂದರು. ಉಡುಪಿ ಕಡೆಯ ನಮ್ಮ ಮಿತ್ರರ ಕಿವಿ ನೆಟ್ಟಗಾಯಿತು. "ಡಾಕ್ಟ್ರೇ, ಅಂಜಲ್ ಅಂತೆ!" ಎಂದರು. ಊರಿನಲ್ಲಿ ಕಿಂಗ್‌ಫಿಶ್ ಎಂದರೆ ಅಂಜಲ್ ಹೌದು. ಈ ಪಿಯರುಗಳಲ್ಲಿ ಆ ಹೆಸರಿನಿಂದ ಕರೆಯುವುದು ವೈಟ್ ಕ್ರೋಕರ್ ಎಂಬ, ತಳದ ಮಣ್ಣಿನಲ್ಲಿ ಮೇಯುವ ಮೀನನ್ನು. ಸಾಂಟಾ ಮೋನಿಕಾ ಪಿಯರಿನಿಂದ ಸೀಲ್ ಬೀಚ್ ಪಿಯರಿನವರೆಗಿನ ಕಡಲಲ್ಲಿ ಹಿಡಿದರೂ ತಿನ್ನಲೇಬಾರದೆಂದು ರಾಜ್ಯ ಸರಕಾರ ಸಾರಿರುವ ಐದು ಮೀನುಗಳಲ್ಲಿ ಅದೊಂದು. ಉಳಿದವು ಬ್ಯಾರಕೂಡ, ಬ್ಯಾರ್ಡ್ ಸ್ಯಾಂಡ್ ಬಾಸ್, ಬ್ಲ್ಯಾಕ್ ಕ್ರೋಕರ್, ಟಾಪ್‌ಸ್ಮೆಲ್ಟ್. ಎಚ್ಚರಿಕೆಯ ಫಲಕಗಳು ಹಲವು ಭಾಷೆಗಳಲ್ಲಿವೆ. ಕನ್ನಡದಲ್ಲಿಲ್ಲ; ಆದುದರಿಂದಲೇ ಈ ಉಪನ್ಯಾಸ.

ಕಾರಣ ಡಿಡಿಟಿ. ನಮ್ಮ ಬಾಲ್ಯದಲ್ಲಿ ಮಲೇರಿಯದವರು ಬಂದು ಮನೆಯೊಳಗೆಲ್ಲ ಅದನ್ನು ಸಿಂಪಡಿಸಿ, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅದರ ಕೀಟನಾಶಕ ಗುಣವನ್ನು ಕಂಡುಹಿಡಿದ ಪಾಲ್ ಮ್ಯುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ಸಂದಿತ್ತು. ಎಂಬಿಬಿಎಸ್ ಓದುವಾಗ ನಾವು ಅದನ್ನು ಉಪಕಾರಿಯೆಂದೇ ಕಲಿತೆವು, ಮಲೇರಿಯದ ಮಟ್ಟಿಗೆ ಅದು ಸುಳ್ಳೂ ಅಲ್ಲ. ಆದರೆ ಲಾಸ್ ಏಂಜಲೀಸಿನ ಬಳಿಯ ಮಾಂಟ್ರೋಸ್ ಕಾರ್ಖಾನೆಯಲ್ಲಿ 1947ರಿಂದ 1982ರವರೆಗೆ ಡಿಡಿಟಿ ತಯಾರಾಯಿತು. 1971ರವರೆಗೂ ಅದರ ತ್ಯಾಜ್ಯ ಚರಂಡಿಯ ಮೂಲಕ ಪಾಲೋಸ್ ವರ್ಡೀಸ್ ತೀರದಾಚೆಯ ಕಡಲ ತಳವನ್ನು ಸೇರಿತು. ಅಮೆರಿಕದಲ್ಲಿ ಅದರ ಬಳಕೆಯನ್ನು 1972ರಲ್ಲಿ ನಿಷೇಧಿಸಿದರೂ ತಳದ ಕೆಸರಿಗೆ ನಿಷೇಧ ತಿಳಿಯದು. ಹುಳುವಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ, ಕೊಬ್ಬಿನಲ್ಲಿ ಕರಗಿ ಏರುತ್ತ ಬರುತ್ತದೆ. ತಾಯಿಯ ಎದೆಹಾಲಿಗೂ ಇಳಿಯುತ್ತದೆ. 2015ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು.

ಉಳಿದ ಮೀನುಗಳನ್ನು ವಾರಕ್ಕೆ ಎಷ್ಟು ಸಲ ತಿನ್ನಬಹುದೆಂಬ ಪಟ್ಟಿಯಿದೆ; ಹೆರುವ ವಯಸ್ಸಿನ ಹೆಂಗಸರಿಗೂ ಮಕ್ಕಳಿಗೂ ಬೇರೆ. ಆ ಪಟ್ಟಿ ಲೆಕ್ಕ ಹಾಕಿರುವುದು ಚರ್ಮ ಸುಲಿದ ಮಾಂಸದ ತುಂಡಿಗೆ. ನಮ್ಮ ಸಾರಿನಲ್ಲಾದರೋ ತಲೆ, ಚರ್ಮ, ಮೊಟ್ಟೆ ಎಲ್ಲವೂ ಸೇರಿ, ಕೊಬ್ಬು ತೆಂಗಿನಕಾಯಿಯ ಮಸಾಲೆಯಲ್ಲೇ ಉಳಿಯುತ್ತದೆ. ಬಾಣಂತಿಗೆ ಮೀನು ಸಾರು ಉಣಿಸಲು ಊರಿನಿಂದ ಬಂದ ಅತ್ತೆಯವರಿಗೆ ಇದನ್ನು ಗೌರವದಿಂದ, ಆದರೆ ಸ್ಪಷ್ಟವಾಗಿ ತಿಳಿಸಬೇಕು. ಮೀನೇ ಬೇಡವೆಂದು ನಾವು ಹೇಳುತ್ತಿಲ್ಲ. ಮೀನು ಒಳ್ಳೆಯ ಆಹಾರ. ಪಿಯರಿನ ಮೀನಾದರೆ ಹೆಸರು ಖಚಿತಪಡಿಸಿಕೊಂಡು, ಕರುಳು, ಚರ್ಮ, ಕೊಬ್ಬು ತೆಗೆದು, ಎಣ್ಣೆ ತೊಟ್ಟಿಕ್ಕಿ ಹೋಗುವಂತೆ ಸುಡುವುದು ಲೇಸು. ಆ ಐದು ಮೀನುಗಳಿಗೆ ಈ ಉಪಾಯವೂ ಸಲ್ಲದು.

ಮ್ಯಾಕರೆಲ್‌ಗೆ ಬೇರೊಂದು ತಂಟೆಯಿದೆ. ಬಕೆಟ್ಟಿನಲ್ಲಿ ಬಿಸಿಲಿಗೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮೀನ್ ಹುಟ್ಟುತ್ತದೆ, ಎಷ್ಟು ಕುದಿಸಿದರೂ ಹೋಗದು. ಉಂಡ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಬಡಿದುಕೊಳ್ಳುತ್ತದೆ. ಇದನ್ನು ಅಲರ್ಜಿಯೆಂದು ತಪ್ಪಾಗಿ ತಿಳಿಯುವವರು ಬಹಳ. ನಾವು ಅಂದು ಗಾಳಕೋಲಿಗಿಂತ ಮೊದಲು ಕಾರಿಗೇರಿಸಿದ್ದು ಮಂಜುಗಡ್ಡೆಯ ಪೆಟ್ಟಿಗೆಯನ್ನು.

ಗಾಯಗಳ ಮಾತು ಚಿಕ್ಕದು. ಸ್ಕಲ್ಪಿನ್ ಎಂದು ಕರೆಯುವ ಚೇಳು ಮೀನಿನ ಮುಳ್ಳು ಚುಚ್ಚಿದರೆ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕೈಯಿಟ್ಟರೆ ನೋವು ಇಳಿಯುತ್ತದೆ. ಕಣ್ಣಿನ ಬಳಿ ಗಾಳ ನೆಟ್ಟರೆ ಎಳೆಯದೆ ಆಸ್ಪತ್ರೆಗೆ ಬರಬೇಕು. ಇಂಥ ಚುಚ್ಚು ಗಾಯವಾದಾಗ ಧನುರ್ವಾಯು ಚುಚ್ಚುಮದ್ದು 5 ವರ್ಷಕ್ಕಿಂತ ಹಳೆಯದಾಗಿದ್ದರೆ ಹೊಸದು ಹಾಕಿಸಿಕೊಳ್ಳಬೇಕು. ಐದು ಮೀನುಗಳ ಚಿತ್ರಗಳಿರುವ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ, ಮನೆಗೊಂದರಂತೆ ತೆಗೆದುಕೊಳ್ಳಿ. ಈಗ ನಿಮ್ಮ ಪ್ರಶ್ನೆಗಳಿಗೆ ನಾವು ಸಿದ್ಧ.