ಬಿಸಿ ಆರುವ ತನಕ

ಪದವೀಧರರೇ, ನನ್ನನ್ನು ಒಂದು ವಿಷಯ ಕಾಡುತ್ತಿದೆ. ಇಂದು ಎಂಜಿನಿಯರಾಗಿ ಹೊರಬೀಳುವ ನೀವು ಕೆಲವೇ ವರ್ಷಗಳಲ್ಲಿ ಸಂದರ್ಶನದ ಮೇಜಿನ ಆಚೆ ಬದಿಗೆ ಕೂರುತ್ತೀರಿ. ಹದಿನೈದು ವರ್ಷ ಲೇತ್ ಮುಂದೆ ನಿಂತ ಐಟಿಐ ಕೆಲಸಗಾರನ ಅರ್ಜಿ ಆಗ ನಿಮ್ಮೆದುರು ಬರುತ್ತದೆ. ಪದವಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಬದಿಗಿಡಬೇಡಿ.

ಲೇತ್‌ನಿಂದ ಈಗಷ್ಟೇ ಇಳಿಸಿದ ಉಕ್ಕಿನ ಶಾಫ್ಟ್ ಒಂದನ್ನು ನೆನೆಯಿರಿ. ಮುಟ್ಟಿದರೆ ಬಿಸಿ. ಮೈಕ್ರೋಮೀಟರ್ ಹಿಡಿದರೆ ವ್ಯಾಸ ಸರಿಯಾಗಿ 50 ಮಿಲಿಮೀಟರ್. ಅದು 40 ಡಿಗ್ರಿ ತಣಿದರೆ ಸುಮಾರು 24 ಮೈಕ್ರಾನ್ ಕುಗ್ಗುತ್ತದೆ. ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ವ್ಯತ್ಯಾಸಕ್ಕೆ ಶಾಫ್ಟ್ ಗುಜರಿ ಸೇರಬಹುದು. ಸೂತ್ರ ನಿಮಗೆ ಬಾಯಿಪಾಠ. ಆದರೆ ಪಾಳಿ ಮುಗಿಯಲು ಹತ್ತು ನಿಮಿಷವಿರುವಾಗ, ಸೂಪರ್‌ವೈಸರ್ ಅವಸರಪಡಿಸುತ್ತಿರುವಾಗ, ಆರಲಿ ಎಂದು ಕಾದು ಕೊನೆಯ ಕಟ್ ಕೊಡುವುದು ಕೈಗೆ ಹತ್ತಿದ ವಿದ್ಯೆ. ಸೂತ್ರ ಬೇಡವೆಂದಲ್ಲ: ಉಕ್ಕಿನ ಬದಲು ಅಲ್ಯೂಮಿನಿಯಂ ಬಂದರೆ ಕುಗ್ಗುವಿಕೆ ಸುಮಾರು ಎರಡು ಪಟ್ಟಾಗುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಡಲು ನೀವು ಬೇಕು. ಅನುಭವವೂ ಅರ್ಹತೆಯೇ ಎಂಬ ಮಾತು ವಿಶ್ವವಿದ್ಯಾಲಯಗಳಿಗೂ ಹೊಸತಲ್ಲ. ಯುಜಿಸಿ 2022ರಲ್ಲಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಹುದ್ದೆಗೆ ಕನಿಷ್ಠ 15 ವರ್ಷದ ಅನುಭವ ಬೇಕು, ಪದವಿ ಕಡ್ಡಾಯವಲ್ಲ.

ಪದವಿಯ ಗೆರೆ ಅಳಿಸಿದರೆ ಜಾತಿ, ಶಿಫಾರಸು, ಪರಿಚಯ ಒಳನುಸುಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಪ್ರಶ್ನೆ ಇದಲ್ಲ. ಯಾರ ಪರಿಚಯವೂ ಇಲ್ಲದ ಮನೆಯ ಮಕ್ಕಳಿಗೆ ಅಂಕಪಟ್ಟಿಯೇ ಆಸರೆಯಾಗಿದೆ. ಆದರೆ ಅದೇ ಕಾಗದ ಬೇಲಿಯೂ ಆಗಬಲ್ಲದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಡ್ಯೂಕ್ ಪವರ್ ಕಂಪನಿ ಒಳ್ಳೆಯ ಸಂಬಳದ ವಿಭಾಗಗಳಿಗೆ ಹೈಸ್ಕೂಲ್ ಪ್ರಮಾಣಪತ್ರ ಕೇಳುತ್ತಿತ್ತು. ಹೊರಗುಳಿಯುವವರ ಪ್ರಮಾಣ ಕಪ್ಪು ಜನರಲ್ಲೇ ಹೆಚ್ಚಿತ್ತು. ಪ್ರಮಾಣಪತ್ರವಿಲ್ಲದೆ ಮೊದಲೇ ಸೇರಿದ್ದ ಬಿಳಿಯರು ಆ ಕೆಲಸಗಳನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಕೆಲಸಕ್ಕೆ ಸಂಬಂಧವಿಲ್ಲದ ಅಂಥ ಷರತ್ತು ಸಲ್ಲದೆಂದು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗೆಂದು ಅನುಭವಪತ್ರವನ್ನು ಕಣ್ಣುಮುಚ್ಚಿ ನಂಬಿ ಎನ್ನುವುದಿಲ್ಲ. ಬಂದವರಿಗೆಲ್ಲ ಒಂದೇ ಡ್ರಾಯಿಂಗ್, ಒಂದೇ ಅಳತೆಯ ಉಕ್ಕಿನ ತುಂಡು, ಒಂದೇ ಸಮಯ ಕೊಡಿ. ಯಾವುದಕ್ಕೆ ಎಷ್ಟು ಅಂಕವೆಂದು ಮೊದಲೇ ಬರೆದಿಡಿ. ಯಾರು ಮಾಡಿದ ತುಂಡೆಂದು ಅಳೆಯುವವರಿಗೆ ಗೊತ್ತಾಗದಿರಲಿ. ಅರ್ಧ ದಿನ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ನಿಮ್ಮ ಮೇಲೂ ನನಗೆ ತಕರಾರಿದೆ. ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರಿಗೂ ತರಬೇತಿಯಿದೆ. ಅದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತೀರಿ, ಎಸಿ ಕೋಣೆಯ ಕುರ್ಚಿ ಎಲ್ಲಿ ಎಂದು ಹುಡುಕುತ್ತೀರಿ. ದಯವಿಟ್ಟು ಸೇರಿ. ಎಣ್ಣೆ ಮೆತ್ತಿದ ಡ್ರಾಯಿಂಗ್ ಓದಲು ಕಲಿಯಿರಿ. "ಇದು ಆಗಲ್ಲ ಸಾರ್" ಎಂದು ಆಪರೇಟರ್ ಹೇಳಿದಾಗ ವಾದಕ್ಕಿಳಿಯದೆ ಯಾಕೆಂದು ಕೇಳಿ, ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ನಾಳೆ ಕೆಲಸದ ಜಾಹೀರಾತು ಬರೆಯಲು ಕೂತಾಗ, ಅರ್ಹತೆಯ ಸಾಲಿಗೆ ಬಂದಾಗ, ಆ ನೋಟ್‌ಬುಕ್ ತೆರೆಯಿರಿ.